ಒಂದು ಸಂಶೋಧನಾ ಲೇಖನಕ್ಕೆ ₹10,858: ಗಡಿ ಊರುಗಳಿಂದ ಒಂದು ಲೆಕ್ಕ

ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕರು 12ನೇ ವೇತನ ಹಂತದಿಂದ ಸಹ ಪ್ರಾಧ್ಯಾಪಕರ 13ಎ ಹಂತಕ್ಕೆ ಏರಿದಾಗ ಆರಂಭಿಕ ಮೂಲವೇತನ ತಿಂಗಳಿಗೆ ₹79,800ರಿಂದ ₹1,31,400 ಆಗುತ್ತದೆ. ವ್ಯತ್ಯಾಸ ₹51,600. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದ ಪ್ರಕಾರ ಈ ಬಡ್ತಿಗೆ ಕನಿಷ್ಠ 7 ಪ್ರಕಟಿತ ಲೇಖನಗಳು ಬೇಕು. ಹಣ ಪಡೆದು, ಪರಿಶೀಲನೆ ಮಾಡದೆ ಅಚ್ಚು ಹಾಕುವ ಜರ್ನಲ್‌ಗಳು 2014ರಲ್ಲಿ ಲೇಖನವೊಂದಕ್ಕೆ ಸರಾಸರಿ 178 ಡಾಲರ್ ಪಡೆಯುತ್ತಿದ್ದವು. ಆ ವರ್ಷದ ಸುಮಾರು ₹61ರ ವಿನಿಮಯ ದರದಲ್ಲಿ ಅದು ₹10,858. ಏಳು ಲೇಖನಕ್ಕೆ ₹76,006. ಡಾಲರಿಗೆ ₹85 ಎಂದು ಹಿಡಿದರೂ ಮೊತ್ತ ₹1,05,910. ಅಂದರೆ ಕೊಟ್ಟ ಹಣ ಎರಡು ತಿಂಗಳ ಹೆಚ್ಚುವರಿ ವೇತನದಲ್ಲಿ ಹೆಚ್ಚುಕಡಿಮೆ ಹಿಂದಕ್ಕೆ ಬರುತ್ತದೆ. ಜರ್ನಲ್ ಪ್ರಕಟಣೆಯ ನೀತಿಯ ಬಗ್ಗೆ ನಡೆಯುವ ಚರ್ಚೆ ಈ ಲೆಕ್ಕದಿಂದ ಶುರುವಾಗಬೇಕು ಎಂಬುದು ನನ್ನ ನಿಲುವು.

ಈ ಲೆಕ್ಕ ತಟ್ಟುವ ತೆಲಂಗಾಣದ ಗಡಿಯ ನಾರಾಯಣಪೇಟೆ, ಮಕ್ತಲ್, ಗದ್ವಾಲ ಮೂರೂ 2008ರಲ್ಲಿ ಮಹಬೂಬನಗರದಲ್ಲಿ ಸ್ಥಾಪನೆಯಾದ ಪಾಲಮೂರು ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರಿದ ಊರುಗಳು. 2011ರ ಜನಗಣತಿಯಂತೆ ಗದ್ವಾಲ ಜಿಲ್ಲೆಯ ಸಾಕ್ಷರತೆ ಶೇ 49.87. ನಾರಾಯಣಪೇಟೆ ಜಿಲ್ಲೆಯದೂ ಶೇ 50 ಮುಟ್ಟಿಲ್ಲ. ತೆಲಂಗಾಣದ ಸರಾಸರಿ ಶೇ 66.54. ಇಲ್ಲಿಂದ ಎಂ.ಎ., ಪಿಎಚ್.ಡಿ. ತನಕ ಹೋಗುವವರಲ್ಲಿ ಅನೇಕರು ಮನೆಯಲ್ಲಿ ಮೊದಲ ತಲೆಮಾರಿನ ಪದವೀಧರರು. ಕೃಷ್ಣಾ ಮಂಡಲದ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಓದಿದವರು ಮುಂದಿನ ಓದಿಗೆ ರಾಯಚೂರು, ಕಲಬುರಗಿಯತ್ತ ನೋಡುತ್ತಾರೆ. ಗಡಿಯ ಆಚೆ ಹೋದರೂ ಈಚೆ ಉಳಿದರೂ ಅವರ ಲೇಖನಗಳನ್ನು ಎಣಿಸುವುದು ಯುಜಿಸಿಯ ಅದೇ ಅಂಕಗಳ ಕೋಷ್ಟಕ.

ಆ ಕೋಷ್ಟಕ ಹಲವು ಸಲ ಬದಲಾಗಿದೆ. 2010ರ ನಿಯಮ ‘ಎಪಿಐ’ ಎಂಬ ಅಂಕಪದ್ಧತಿಯನ್ನು ತಂದು, ತಜ್ಞ ಪರಿಶೀಲನೆಯಿರುವ ಜರ್ನಲಿನ ಲೇಖನಕ್ಕೆ 15, ಪರಿಶೀಲನೆಯಿಲ್ಲದಿದ್ದರೂ ಐಎಸ್‌ಎಸ್‌ಎನ್ ಎಂಬ ಗುರುತಿನ ಸಂಖ್ಯೆಯುಳ್ಳ ಪತ್ರಿಕೆಯ ಲೇಖನಕ್ಕೆ 10 ಅಂಕ ಇಟ್ಟಿತು. ತಜ್ಞ ಪರಿಶೀಲನೆ ಎಂದರೆ ಅದೇ ವಿಷಯದ ಬೇರೆ ವಿದ್ವಾಂಸರು ಲೇಖನವನ್ನು ಪ್ರಕಟಣೆಗೆ ಮುಂಚೆ ಓದಿ, ತಿದ್ದಿಸಿ, ಬೇಕಾದರೆ ತಿರಸ್ಕರಿಸುವುದು. ಆ ಓದಿನ ಬೆಲೆ ಕೋಷ್ಟಕದಲ್ಲಿ 5 ಅಂಕ ಮಾತ್ರವಾಯಿತು. 2016ರ ತಿದ್ದುಪಡಿ ಪರಿಶೀಲಿತ ಲೇಖನದ ಅಂಕವನ್ನು 25ಕ್ಕೆ ಏರಿಸಿತು. 2018ರಲ್ಲಿ ಅದು ವಿಜ್ಞಾನಕ್ಕೆ 8, ಭಾಷೆ ಮತ್ತು ಮಾನವಿಕ ವಿಷಯಗಳಿಗೆ 10 ಆಯಿತು. ಅಂಕ ಇಳಿಯಿತಾದರೂ ಎಣಿಕೆ ನಿಲ್ಲಲಿಲ್ಲ. ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹುದ್ದೆಗೆ ಕನಿಷ್ಠ 10 ಲೇಖನ, 120 ಸಂಶೋಧನಾ ಅಂಕ ಎಂದು ನಿಗದಿಯಾಯಿತು.

ಕೆಲಸಕ್ಕಾಗಿ ಕಾದಿರುವ ಅತಿಥಿ ಉಪನ್ಯಾಸಕರಿಗೆ ಬಿಸಿ ಮುಟ್ಟಿಸುವ ಅಂಕಿ ಬೇರೆ. 2018ರ ನಿಯಮದಲ್ಲಿ ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕ ಹುದ್ದೆಯ ಸಂದರ್ಶನ ಪಟ್ಟಿಗೆ ನೆಟ್ ಪರೀಕ್ಷೆ ಪಾಸಾದವರಿಗೆ 5 ಅಂಕವಿದ್ದರೆ, ಪ್ರಕಟಿತ ಲೇಖನಕ್ಕೆ ತಲಾ 2, ಗರಿಷ್ಠ 10. ಮೂರು ಲೇಖನಗಳಿದ್ದರೆ ನೆಟ್‌ಗಿಂತ ಒಂದು ಅಂಕ ಜಾಸ್ತಿ. ನೆಟ್‌ಗೆ ವರ್ಷಗಟ್ಟಲೆ ಓದಬೇಕು; ಮೂರು ‘ಪೇಡ್’ ಲೇಖನಕ್ಕೆ ಮೇಲಿನ ದರದಲ್ಲಿ ₹32,574 ಸಾಕು. ಸಂಬಳ ಯಾವಾಗ ಬಂದೀತೆಂದು ಕಾಯುವ ಉಪನ್ಯಾಸಕರಿಗೆ ಇದು ಚಿಕ್ಕ ಮೊತ್ತವಲ್ಲ. ಆದರೂ ಸಾಲ ಮಾಡಿ ಕಟ್ಟಬಹುದಾದ ಮೊತ್ತ.

ಇಂಥ ಜರ್ನಲ್‌ಗಳನ್ನು ‘ಪ್ರಿಡೇಟರಿ’, ಅಂದರೆ ಲೇಖಕರನ್ನೇ ಸುಲಿಯುವ ಜರ್ನಲ್ ಎನ್ನುತ್ತಾರೆ. ಶೆನ್ ಮತ್ತು ಬ್ಯೋರ್ಕ್ 2015ರಲ್ಲಿ ಪ್ರಕಟಿಸಿದ ಅಧ್ಯಯನದ ಅಂದಾಜಿನಂತೆ ಇವುಗಳಲ್ಲಿ ಬಂದ ಲೇಖನಗಳು 2010ರಲ್ಲಿ 53,000, 2014ರಲ್ಲಿ 4,20,000. ನಾಲ್ಕು ವರ್ಷದಲ್ಲಿ ಸುಮಾರು 8 ಪಟ್ಟು, ವರ್ಷಕ್ಕೆ ಸರಾಸರಿ ಶೇ 68ರ ಏರಿಕೆ. ಲೇಖಕರ ಮಾದರಿಯಲ್ಲಿ ಭಾರತೀಯರ ಪಾಲು ಶೇ 35ರಷ್ಟು. ಆ ಪಾಲನ್ನು ಒಟ್ಟು ಲೇಖನಗಳಿಗೆ ಅನ್ವಯಿಸಿದರೆ 1,47,000 ಲೇಖನ, ಸುಮಾರು ₹160 ಕೋಟಿ. ಈ ಗುಣಾಕಾರ ನನ್ನದು. ಪಾವತಿ ಎಲ್ಲ ಕಡೆ ಒಂದೇ ಇರಲಾರದು ಎಂಬುದನ್ನು ಗಮನದಲ್ಲಿಟ್ಟು ಓದಬೇಕು. ಯುಜಿಸಿಯ ಅಂಕಪದ್ಧತಿ ಜಾರಿಗೆ ಬಂದದ್ದೂ 2010ರಲ್ಲೇ. ಒಂದರಿಂದಲೇ ಇನ್ನೊಂದಾಯಿತು ಎಂದು ಈ ಅಂಕಿಗಳು ಸಾಧಿಸುವುದಿಲ್ಲ. ಬೇಡಿಕೆ ಎಲ್ಲಿಂದ ಬಂತೆಂದು ಹುಡುಕುವವರು ಮಾತ್ರ ಆ ವರ್ಷವನ್ನು ದಾಟಿ ಹೋಗುವಂತಿಲ್ಲ.

ಈ ವ್ಯವಹಾರದ ದೊಡ್ಡ ಮೊಕದ್ದಮೆಯೊಂದರ ವಿಳಾಸ ಇದೇ ರಾಜ್ಯದ ರಾಜಧಾನಿ. ಹೈದರಾಬಾದಿನ ಓಮಿಕ್ಸ್ ಪ್ರಕಾಶನ ಸಮೂಹದ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2016ರ ಆಗಸ್ಟ್‌ನಲ್ಲಿ ದಾವೆ ಹೂಡಿತು. ತಜ್ಞ ಪರಿಶೀಲನೆಯ ಬಗ್ಗೆ ಸುಳ್ಳು ಹೇಳಿದ್ದು, ಶುಲ್ಕವನ್ನು ಮೊದಲೇ ತಿಳಿಸದಿದ್ದದ್ದು, ಒಪ್ಪಿಗೆಯಿಲ್ಲದೆ ವಿದ್ವಾಂಸರ ಹೆಸರು ಬಳಸಿದ್ದು ಮುಖ್ಯ ಆರೋಪಗಳು. 2019ರ ಮಾರ್ಚ್‌ನಲ್ಲಿ ನೆವಾಡಾದ ನ್ಯಾಯಾಲಯ 5.01 ಕೋಟಿ ಡಾಲರ್ ಕಟ್ಟುವಂತೆ ಆದೇಶಿಸಿತು. ಅಂದಿನ ಸುಮಾರು ₹69ರ ದರದಲ್ಲಿ ಅದು ₹346 ಕೋಟಿ. 2020ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ಎತ್ತಿಹಿಡಿಯಿತು.

ಯುಜಿಸಿ ಪಟ್ಟಿ ಮಾಡಿ ತಡೆಯಲು ಹೊರಟಿತು. 2017ರಲ್ಲಿ ಬಂದ ‘ಅನುಮೋದಿತ ಪಟ್ಟಿ’ಯಲ್ಲಿ 30,000ಕ್ಕೂ ಹೆಚ್ಚು ಜರ್ನಲ್‌ಗಳಿದ್ದವು. ಅದರಲ್ಲಿ ವಿಶ್ವವಿದ್ಯಾಲಯಗಳೇ ಶಿಫಾರಸು ಮಾಡಿದ್ದು 5,699. ಭೂಷಣ ಪಟವರ್ಧನ್ ಮತ್ತು ಸಹಲೇಖಕರು ಇವುಗಳಿಂದ 1,336ನ್ನು ಆರಿಸಿ, ಸ್ಕೋಪಸ್ ಮತ್ತು ವೆಬ್ ಆಫ್ ಸೈನ್ಸ್ ಸೂಚಿಗಳಲ್ಲಿದ್ದ 327ನ್ನು ಬಿಟ್ಟು, 1,009ನ್ನು ಜಾಲಾಡಿದರು. ಶೇ 34.5ರಲ್ಲಿ ವಿಳಾಸ, ಜಾಲತಾಣ, ಸಂಪಾದಕರ ಹೆಸರಿನಂಥ ಪ್ರಾಥಮಿಕ ಮಾಹಿತಿಯೇ ಇರಲಿಲ್ಲ ಅಥವಾ ತಪ್ಪಾಗಿತ್ತು. ಇನ್ನೂ ಶೇ 52.3ರಲ್ಲಿ ತಪ್ಪು ಐಎಸ್‌ಎಸ್‌ಎನ್, ಹುಸಿ ‘ಇಂಪ್ಯಾಕ್ಟ್ ಫ್ಯಾಕ್ಟರ್’, ಅರ್ಹತೆಯಿಲ್ಲದ ಸಂಪಾದಕರು ಮುಂತಾದ ದೋಷಗಳಿದ್ದವು. ಇಂಪ್ಯಾಕ್ಟ್ ಫ್ಯಾಕ್ಟರ್ ಎಂದರೆ ಜರ್ನಲಿನ ಲೇಖನವೊಂದನ್ನು ಬೇರೆಯವರು ಸರಾಸರಿ ಎಷ್ಟು ಸಲ ಉಲ್ಲೇಖಿಸುತ್ತಾರೆ ಎಂಬ ಅಳತೆ. ಅಧ್ಯಯನ 2018ರ ಮಾರ್ಚ್‌ನಲ್ಲಿ ಬೆಂಗಳೂರಿನ ‘ಕರೆಂಟ್ ಸೈನ್ಸ್’ನಲ್ಲಿ ಬಂತು. ಮೇ ತಿಂಗಳಲ್ಲಿ ಯುಜಿಸಿ 4,305 ಜರ್ನಲ್‌ಗಳನ್ನು ಪಟ್ಟಿಯಿಂದ ಕಿತ್ತುಹಾಕಿತು. ಅಷ್ಟರೊಳಗೆ ಅವುಗಳಲ್ಲಿ ಅಚ್ಚಾದ ಲೇಖನಗಳಿಗೆ ಹಣ ಕಟ್ಟಿದವರಿಗೆ ಕಟ್ಟಿದ್ದು ವಾಪಸಾಗುವ ದಾರಿ ಇರಲಿಲ್ಲ.

ವಾಟ್ಸ್‌ಆ್ಯಪಿನಲ್ಲಿ ಬರುವ ಆಹ್ವಾನಗಳು ದೊಡ್ಡ ಅಕ್ಷರದಲ್ಲಿ ತೋರಿಸುವುದು ಐಎಸ್‌ಎಸ್‌ಎನ್ ಸಂಖ್ಯೆಯನ್ನು. ಅದು 8 ಅಂಕೆಗಳ ಗುರುತು. ಭಾರತದಲ್ಲಿ ಉಚಿತವಾಗಿ ಸಿಗುತ್ತದೆ. ಸಂಖ್ಯೆ ಸಾಚಾವೇ ಎಂದು ಕಾಗದದ ಮೇಲೆ ನೋಡಬಹುದು. ಕರೆಂಟ್ ಸೈನ್ಸಿನ ಸಂಖ್ಯೆ 0011-3891. ಮೊದಲ ಏಳು ಅಂಕೆಗಳನ್ನು ಕ್ರಮವಾಗಿ 8, 7, 6, 5, 4, 3, 2ರಿಂದ ಗುಣಿಸಿ ಕೂಡಿದರೆ 65. ಅದನ್ನು 11ರಿಂದ ಭಾಗಿಸಿದರೆ ಶೇಷ 10. 11ರಲ್ಲಿ 10 ಕಳೆದರೆ 1. ಕೊನೆಯ ಅಂಕೆಯೂ 1. ತಾಳೆಯಾಗದಿದ್ದರೆ ಸಂಖ್ಯೆಯನ್ನು ಅನುಮಾನಿಸಬೇಕು. ತಾಳೆಯಾದರೂ ತಿಳಿಯುವುದು ಸಂಖ್ಯೆಯ ರಚನೆ ಸರಿಯಿದೆ ಎಂಬುದಷ್ಟೇ. ಲೇಖನವನ್ನು ಯಾರಾದರೂ ಓದಿದರೇ ಎಂಬುದಲ್ಲ. 2010ರ ಕೋಷ್ಟಕ 10 ಅಂಕ ಕೊಟ್ಟದ್ದು ಈ ಸಂಖ್ಯೆಗೆ.

ನಕಲಿನ ವಿಷಯದಲ್ಲಿ ದಂಡನೆ ಅಳತೆಗೆ ಸಿಗುವಂತಿದೆ. ಯುಜಿಸಿಯ 2018ರ ಕೃತಿಚೌರ್ಯ ತಡೆ ನಿಯಮದಲ್ಲಿ ಶೇ 10ರವರೆಗಿನ ಹೋಲಿಕೆಗೆ ಶಿಕ್ಷೆಯಿಲ್ಲ. ಶೇ 40 ದಾಟಿ 60ರ ಒಳಗಿದ್ದರೆ ಅಧ್ಯಾಪಕರಿಗೆ ಒಂದು ವಾರ್ಷಿಕ ವೇತನ ಬಡ್ತಿ ತಪ್ಪುತ್ತದೆ, 2 ವರ್ಷ ಹೊಸ ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡುವಂತಿಲ್ಲ. ಶೇ 60 ದಾಟಿದರೆ ಎರಡು ವೇತನ ಬಡ್ತಿ, 3 ವರ್ಷ. ವಿದ್ಯಾರ್ಥಿಯಾದರೆ ನೋಂದಣಿಯೇ ರದ್ದು. ಸ್ವಂತದ್ದೇ ಬರವಣಿಗೆಯನ್ನು ಹಣ ಕೊಟ್ಟು ಪರಿಶೀಲನೆಯಿಲ್ಲದೆ ಅಚ್ಚು ಹಾಕಿಸಿದರೆ ಹೋಲಿಕೆ ಶೇ 0 ತೋರಿಸಬಹುದು. ಈ ಅಳತೆಗೋಲಿಗೆ ಅದು ಸಿಕ್ಕುವುದೇ ಇಲ್ಲ.

ಇನ್ನೊಂದು ತುದಿಯ ಬೆಲೆಯನ್ನೂ ನೋಡಬೇಕು. ‘ನೇಚರ್’ ಪತ್ರಿಕೆ 2020ರಲ್ಲಿ ಮುಕ್ತ ಪ್ರಕಟಣೆಗೆ, ಅಂದರೆ ಓದುಗರಿಗೆ ಉಚಿತವಾಗುವ ಲೇಖನಕ್ಕೆ, 9,500 ಯೂರೋ ಶುಲ್ಕ ಘೋಷಿಸಿತು. ಯೂರೋಗೆ ₹88ರಂತೆ ₹8.36 ಲಕ್ಷ, ₹57,700ರ ಮೂಲವೇತನದಿಂದ ಶುರುಮಾಡುವ ಸಹಾಯಕ ಪ್ರಾಧ್ಯಾಪಕರ ಹದಿನಾಲ್ಕೂವರೆ ತಿಂಗಳ ಮೂಲವೇತನ. ಪ್ರಾಮಾಣಿಕ ದಾರಿಯೆಲ್ಲ ದುಬಾರಿ ಎಂದು ಇದರಿಂದ ತೀರ್ಮಾನಿಸಬೇಕಿಲ್ಲ. ಪರಿಶೀಲಿಸಿದ ಮುಕ್ತ ಜರ್ನಲ್‌ಗಳ ಸೂಚಿಯಾದ ಡಿಒಎಜೆಯಲ್ಲಿ 20,000ಕ್ಕೂ ಹೆಚ್ಚು ಜರ್ನಲ್‌ಗಳಿವೆ. ಅವುಗಳಲ್ಲಿ 13,000ಕ್ಕೂ ಹೆಚ್ಚು ಜರ್ನಲ್‌ಗಳು ಲೇಖಕರಿಂದ ಶುಲ್ಕ ಪಡೆಯುವುದಿಲ್ಲ. ಅಲ್ಲಿ ತಗಲುವುದು ಹಣವಲ್ಲ, ಸಮಯ: ಪರಿಶೀಲನೆ, ತಿದ್ದುಪಡಿ, ಮರುಪರಿಶೀಲನೆ ಸೇರಿ ತಿಂಗಳುಗಳು. ನೇಮಕಾತಿ ಅರ್ಜಿಗೆ ಕೊನೆಯ ದಿನ ಮುಂದಿನ ತಿಂಗಳಿದ್ದರೆ ಆ 13,000 ಜರ್ನಲ್‌ಗಳು ಇದ್ದೂ ಇಲ್ಲದಂತೆ.

ಜರ್ನಲ್‌ಗಳನ್ನು ಓದುವ ಹಕ್ಕಿಗೆ ಸರ್ಕಾರ ಹಣ ಇಟ್ಟಿದೆ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಗೆ 3 ವರ್ಷಕ್ಕೆ ₹6,000 ಕೋಟಿ. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು 6,300 ಸರ್ಕಾರಿ ಸಂಸ್ಥೆಗಳಿಗೆ, 1.8 ಕೋಟಿ ಜನರಿಗೆ. ತಲೆಗೆ ವರ್ಷಕ್ಕೆ ₹1,111. ಸರ್ಕಾರಿ ಸಂಸ್ಥೆಗಳಿಗೆ ಮೀಸಲಾದ ಈ ಲೆಕ್ಕದಲ್ಲಿ ಖಾಸಗಿ ಪದವಿ ಕಾಲೇಜುಗಳು ಬರುವುದಿಲ್ಲ.

ಪ್ರಿಡೇಟರಿ ಜರ್ನಲ್‌ಗಳನ್ನು ತಡೆಯುವ ಕೆಲಸಕ್ಕೆ ಮಾತ್ರ ಅಂಥ ಮೊತ್ತ ಕಾಣುವುದಿಲ್ಲ. 2017ರ ಪಟ್ಟಿಯ ಜಾಗಕ್ಕೆ 2019ರ ಜೂನ್‌ನಲ್ಲಿ ‘ಯುಜಿಸಿ-ಕೇರ್’ ಪಟ್ಟಿ ಬಂತು. 2025ರ ಫೆಬ್ರುವರಿಯಲ್ಲಿ ಯುಜಿಸಿ ಅದನ್ನೂ ನಿಲ್ಲಿಸಿ, ಜರ್ನಲ್ ಅಳೆಯಲು 8 ಗುಂಪುಗಳಲ್ಲಿ 36 ಮಾನದಂಡಗಳನ್ನು ಸೂಚಿಸಿ, ಹೊಣೆಯನ್ನು ವಿಶ್ವವಿದ್ಯಾಲಯ ಮತ್ತು ಕಾಲೇಜುಗಳಿಗೆ ವಹಿಸಿತು. 2018ರ ಅಧ್ಯಯನ ಪತ್ತೆಹಚ್ಚಿದ ಜರ್ನಲ್‌ಗಳು ಪಟ್ಟಿಗೆ ಬಂದದ್ದು ವಿಶ್ವವಿದ್ಯಾಲಯಗಳ ಶಿಫಾರಸಿನಿಂದಲೇ. ಹತ್ತು ಅರ್ಜಿದಾರರು ತಲಾ ಐದು ಲೇಖನ ತಂದರೆ 50 ಜರ್ನಲ್; 36 ಮಾನದಂಡಗಳಂತೆ 1,800 ತಪಾಸಣೆ. ಒಂದಕ್ಕೆ 5 ನಿಮಿಷ ಹಿಡಿದರೂ 150 ಗಂಟೆ. ಮಕ್ತಲ್ ಅಥವಾ ಗದ್ವಾಲದ ಪದವಿ ಕಾಲೇಜಿನಲ್ಲಿ ಆ ಗಂಟೆಗಳನ್ನು ಪಾಠ ಮಾಡುವವರ ದಿನದಿಂದಲೇ ತೆಗೆಯಬೇಕು. ಎಣಿಸುವ ಲೇಖನಗಳನ್ನು ಐದರಿಂದ ಒಂದಕ್ಕೆ ಇಳಿಸಿ, ಆ ಒಂದನ್ನು ಆಯ್ಕೆ ಸಮಿತಿ ಕೂತು ಓದುವುದಾದರೆ ತಪಾಸಣೆ 360ಕ್ಕೆ, ಸಮಯ 30 ಗಂಟೆಗೆ ಇಳಿಯುತ್ತದೆ.