ಸಮಾಧಿಯಿಲ್ಲದ ಸಿಪಾಯಿಗಳು

ಮುಡುಕುತೊರೆ ಮಲ್ಲಿಕಾರ್ಜುನನ ಒಕ್ಕಲಿನ ಹಳ್ಳಿಗಳಲ್ಲಿ ಸಾವಾದರೆ ಏನೇನು ನಡೆಯುತ್ತದೆಂದು ನಿಮಗೆ ಗೊತ್ತೇ ಇದೆ. ಹೂಳುವವರು ಸಮಾಧಿಯ ಮೇಲೆ ಹಾಲುತುಪ್ಪ ಬಿಡುತ್ತಾರೆ. ಸುಡುವವರು ಅಸ್ಥಿಯನ್ನು ತಿರುಮಕೂಡಲಿನ ಸಂಗಮಕ್ಕೆ ಒಯ್ಯುತ್ತಾರೆ. ಎರಡಕ್ಕೂ ದೇಹ ಬೇಕು. ಯುದ್ಧಕ್ಕೆ ಹೋದ ಹುಡುಗನ ದೇಹವೇ ಸಿಕ್ಕದಿದ್ದರೆ? ಅಳಬೇಕೋ ಕಾಯಬೇಕೋ ಎಂಬುದೇ ಮನೆಯವರಿಗೆ ತಿಳಿಯುವುದಿಲ್ಲ.

ಇದು ದೂರದವರ ಕಥೆಯಲ್ಲ. ಮೈಸೂರು ಸಂಸ್ಥಾನದ ಕಾಲಾಳು ಪಡೆಯ ಒಂದನೇ ಬೆಟಾಲಿಯನ್ ಎರಡನೇ ಮಹಾಯುದ್ಧದಲ್ಲಿ ಸಿಂಗಪುರದಲ್ಲಿತ್ತು. ಹೈಫಾದ ಕುದುರೆ ಸವಾರರನ್ನು ಹೆಮ್ಮೆಯಿಂದ ನೆನೆಯುವ ನಾವು ಈ ಕಾಲಾಳುಗಳನ್ನು ಅಷ್ಟಾಗಿ ನೆನೆಯುವುದಿಲ್ಲ. ಸೋತವರೆಂಬ ಕಾರಣಕ್ಕೇ ಇರಬೇಕು. 1942ರ ಫೆಬ್ರವರಿ 8ರ ರಾತ್ರಿ ಜಪಾನೀಯರು ಜೊಹೋರ್ ಜಲಸಂಧಿಯನ್ನು ದೋಣಿಗಳಲ್ಲಿ ದಾಟಿ ಆ ದ್ವೀಪದ ವಾಯವ್ಯ ದಡಕ್ಕೆ ಇಳಿದರು. ಒಂದೇ ವಾರ. 15ರಂದು ಬ್ರಿಟಿಷ್ ಸೇನಾಪತಿ ಪರ್ಸಿವಲ್ ಶರಣಾದರು. 40,000ಕ್ಕೂ ಹೆಚ್ಚು ಭಾರತೀಯ ಸಿಪಾಯಿಗಳು ಸೆರೆಯಾದರು. ಹಲವರು ಆಜಾದ್ ಹಿಂದ್ ಫೌಜ್ ಸೇರಿದರು. ಸೇರದವರಲ್ಲಿ ಸಾವಿರಾರು ಮಂದಿಯನ್ನು ನ್ಯೂಗಿನಿಯ ಕಡೆಗೆ ದುಡಿಮೆಗಾಗಿ ಹಡಗುಗಳಲ್ಲಿ ಸಾಗಿಸಲಾಯಿತು.

ಗೆದ್ದ ಸೈನ್ಯ ತನ್ನ ಸತ್ತವರನ್ನು ಎಣಿಸಿ, ಗುರುತು ಹಾಕಿ ಹೂಳಬಲ್ಲದು. ಶರಣಾದ ಸೈನ್ಯದ ದಾಖಲೆ ಪುಸ್ತಕಗಳೇ ಚೆಲ್ಲಾಪಿಲ್ಲಿಯಾಗುತ್ತವೆ. ಕೆಸರು ಕಾಡಿನಲ್ಲಿ ಬಿದ್ದವನನ್ನು ಕಂಡವನು ಸೆರೆಯಲ್ಲಿ ಸತ್ತರೆ ಸಾಕ್ಷಿಯೂ ಹೋಯಿತು. ಯುದ್ಧ ಮುಗಿದ ಮೇಲೆ, ಬದುಕಿ ಬಂದ ಜೊತೆಗಾರರನ್ನು ವಿಚಾರಿಸಿ, ಸುಳಿವು ಸಿಗದವರನ್ನು ಮೃತರೆಂದು ಭಾವಿಸಿ ದಾಖಲಿಸಿದರು.

ಸಿಂಗಪುರದ ಕ್ರಾಂಜಿಯಲ್ಲಿ 1957ರಲ್ಲಿ ಅನಾವರಣಗೊಂಡ ಸ್ಮಾರಕದ ಗೋಡೆಗಳ ಮೇಲೆ ಹೀಗೆ ಸಮಾಧಿ ಗೊತ್ತಿಲ್ಲದ 24,000ಕ್ಕೂ ಹೆಚ್ಚು ಜನರ ಹೆಸರುಗಳಿವೆ. ಅವುಗಳಲ್ಲಿ ಭಾರತೀಯರ ಹೆಸರುಗಳೂ ಬಹಳ. ಅದರ ಹಿಂದೆಯೇ ಇನ್ನೊಂದು ಸ್ಮಾರಕವಿದೆ. ಧರ್ಮದಂತೆ ದಹನವಾದ ಸುಮಾರು 800 ಮಂದಿಯ ಹೆಸರು ಅಲ್ಲಿದೆ, ಹೆಚ್ಚಿನವರು ನಮ್ಮವರು.

ಗೆದ್ದವರೂ ಕೆಲವೊಮ್ಮೆ ತಮ್ಮವರನ್ನು ಕಳೆದುಕೊಳ್ಳುತ್ತಾರೆ. 1943ರ ನವೆಂಬರ್ 20ರಂದು ಪೆಸಿಫಿಕ್ ಸಾಗರದ ತರಾವಾದಲ್ಲಿ ಅಮೆರಿಕದ ಮರೀನ್ ಸೈನಿಕರು ಬೆಟಿಯೋ ಎಂಬ ಪುಟ್ಟ ದ್ವೀಪಕ್ಕೆ ಇಳಿದರು. ನೀರು ಇಳಿದಿದ್ದರಿಂದ ದೋಣಿಗಳು ಹವಳದ ಬಂಡೆಗೆ ಸಿಕ್ಕಿಕೊಂಡವು. ಹುಡುಗರು ಎದೆಮಟ್ಟದ ನೀರಿನಲ್ಲಿ ಗುಂಡಿಗೆದುರಾಗಿ ನಡೆದರು. ನಾಲ್ಕು ದಿನದೊಳಗೆ ಸುಮಾರು 1,000 ಅಮೆರಿಕನ್ನರು ಸತ್ತರು. ಆಮೇಲೆ ವಿಮಾನ ನಿಲ್ದಾಣಕ್ಕಾಗಿ ನೆಲ ಸಮ ಮಾಡುವಾಗ ಶಿಲುಬೆಗಳು ಅತ್ತಿತ್ತ ಸರಿದವು, ದೇಹಗಳು ಮಾತ್ರ ಅಲ್ಲೇ ಉಳಿದವು. 1946ರಲ್ಲಿ ಹುಡುಕಿದಾಗ ಸುಮಾರು ಅರ್ಧದಷ್ಟೇ ಸಿಕ್ಕಿದವು. 2015ರಲ್ಲಿ ಮರಳಿನಡಿ ಒಂದು ಸಾಲು ಮತ್ತೆ ಪತ್ತೆಯಾಯಿತು. ಹಲ್ಲಿನ ದಾಖಲೆ ಮತ್ತು ಬಂಧುಗಳ ಡಿ.ಎನ್.ಎ. ನೆರವಿನಿಂದ ಗುರುತಿಸಿ, 70 ವರ್ಷಗಳ ಮೇಲೆ ಕೆಲವರನ್ನು ಊರಿಗೆ ತಂದರು. ಬ್ರಿಟಿಷ್ ಪದ್ಧತಿ ಬೇರೆ: ಬಿದ್ದ ನಾಡಿನಲ್ಲೇ ಮಣ್ಣು, ಕಲ್ಲಿನ ಮೇಲೆ ಹೆಸರು.

ಕಲ್ಲಿನ ಮೇಲಿನ ಹೆಸರು ನಮಗೆ ಹೊಸದೇನಲ್ಲ. ನಮ್ಮ ಊರುಗಳ ವೀರಗಲ್ಲುಗಳ ಕೆಳಗೆ ಮೂಳೆ ಇರಲೇಬೇಕೆಂಬ ನಿಯಮವಿರಲಿಲ್ಲ. ದೇಹ ಸಿಗದವರಿಗೆ ದರ್ಭೆ, ಮುತ್ತುಗದ ಕಡ್ಡಿಗಳಿಂದ ಪ್ರತಿಕೃತಿ ಮಾಡಿ ಸಂಸ್ಕಾರ ಮಾಡುವ ವಿಧಿ ಶಾಸ್ತ್ರಗಳಲ್ಲಿದೆ. ಸತ್ತ ತಿಥಿ ಗೊತ್ತಿಲ್ಲದವರಿಗೆ ಮಹಾಲಯ ಅಮಾವಾಸ್ಯೆಯ ಎಡೆಯಿದೆ. ಕಾನೂನಿನ ಲೆಕ್ಕ ಮಾತ್ರ ಒಣದು: ಏಳು ವರ್ಷ ಸುದ್ದಿಯಿಲ್ಲದವನು ಬದುಕಿದ್ದಾನೆಂದು ಹೇಳುವವರೇ ಅದನ್ನು ಸಾಬೀತುಪಡಿಸಬೇಕು. 1872ರ ಸಾಕ್ಷ್ಯ ಕಾಯ್ದೆಯ ಈ ನಿಯಮವನ್ನು 2023ರ ಹೊಸ ಅಧಿನಿಯಮವೂ ಉಳಿಸಿಕೊಂಡಿದೆ. ಹೆಂಡತಿಯ ಪಿಂಚಣಿ, ಜಮೀನಿನ ಖಾತೆ, ಎಲ್ಲ ಇಂಥ ತೀರ್ಮಾನದ ಮೇಲೆ ನಿಂತಿರುತ್ತವೆ.

ನಿಮ್ಮ ಮನೆತನದಲ್ಲಿ ಮಲಯಕ್ಕೆ ಹೋಗಿ ಹಿಂತಿರುಗದ ಅಜ್ಜನೋ ಅವನ ತಮ್ಮನೋ ಇದ್ದರೆ, ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯಲ್ಲಿ ಹುಡುಕಿ. ಕಂಪ್ಯೂಟರಿನಲ್ಲಿ ಯಾರು ಬೇಕಾದರೂ ನೋಡಬಹುದು. ಅನೇಕ ಭಾರತೀಯರ ಹೆಸರಿನೊಂದಿಗೆ ತಂದೆಯ ಹೆಸರು, ಊರು, ಜಿಲ್ಲೆಯನ್ನೂ ಕೊಟ್ಟಿದ್ದಾರೆ. ಒಂದೇ ಕಾಗುಣಿತವನ್ನು ನೆಚ್ಚಿಕೊಳ್ಳಬೇಡಿ. ಸಿದ್ದಯ್ಯ, ನಂಜಯ್ಯ ಎಂಬ ಹೆಸರುಗಳನ್ನು ಆಗಿನ ಗುಮಾಸ್ತರು ಇಂಗ್ಲಿಷಿನಲ್ಲಿ ಕಿವಿಗೆ ಬಿದ್ದಂತೆ ಬರೆದಿರುತ್ತಾರೆ. ಮೊದಲು ಪಡೆಯ ಹೆಸರು, ಆಮೇಲೆ ಜಿಲ್ಲೆ, ಕೊನೆಗೆ ಆಳಿನ ಹೆಸರು ಎಂಬ ಕ್ರಮದಲ್ಲಿ ಹುಡುಕಿದರೆ ಸುಲಭ. ಹಳೆಯ ಪೆಟ್ಟಿಗೆಯಲ್ಲಿ ಪದಕವೋ ಪಿಂಚಣಿ ಕಾಗದವೋ ಇದ್ದರೆ ಅದರ ಮೇಲಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಹೆಸರು ತಪ್ಪಿದರೂ ಆ ಸಂಖ್ಯೆಯಿಂದ ಗುರುತು ಸಿಗಬಹುದು.