ಒಂದು ಹಕ್ಕಿಗಾಗಿ ಉಗಾಂಡಾಕ್ಕೆ: ಸಫಾರಿಯ ದುಡ್ಡು ಕಾಡನ್ನು ಕಾಯುವುದು ಹೇಗೆ?

ಆಫ್ರಿಕಾ ಸಫಾರಿ ಎಂದ ಕೂಡಲೇ ನೆನಪಾಗುವುದು ಕೀನ್ಯಾದ ಮಸಾಯಿ ಮಾರಾ, ತಾಂಜಾನಿಯಾದ ಸೆರೆಂಗೆಟಿ, ತೆರೆದ ಜೀಪು ಮತ್ತು ಸಿಂಹಗಳ ಹಿಂಡು. ಆದರೆ ಕುತ್ತಿಗೆಗೆ ಬೈನಾಕ್ಯುಲರ್ ಹಾಕಿಕೊಂಡು ಹಕ್ಕಿಗಳ ಬೆನ್ನು ಹತ್ತುವವರನ್ನು ಕೇಳಿದರೆ ಅವರು ಹೇಳುವ ಹೆಸರು ಬೇರೆ. ಅದು ಉಗಾಂಡಾ. ಸಮುದ್ರವಿಲ್ಲದ ಈ ಸಣ್ಣ ದೇಶದಲ್ಲಿ 1,000ಕ್ಕೂ ಹೆಚ್ಚು ಪ್ರಭೇದದ ಹಕ್ಕಿಗಳಿವೆ. ಜೊತೆಗೆ ಚಿಂಪಾಂಜಿ, ಮರ ಹತ್ತುವ ಸಿಂಹ, ಜಗತ್ತಿನ ಎರಡೇ ಎರಡು ಕಡೆ ಉಳಿದಿರುವ ಬೆಟ್ಟದ ಗೊರಿಲ್ಲಾ ಕೂಡ ಇವೆ.

ಇವೆಲ್ಲ ಇಂದಿಗೂ ಉಳಿದಿರುವುದಕ್ಕೆ ಒಂದು ಮುಖ್ಯ ಕಾರಣ ನೋಡಲು ಬರುವವರು ಕೊಡುವ ಹಣ. ಆ ಹಣ ಯಾರ ಕೈಗೆ ಹೋಗುತ್ತದೆ, ಯಾರ ಕೈಗೆ ಹೋಗುವುದಿಲ್ಲ ಎಂಬುದರ ಮೇಲೆ ಇಲ್ಲಿನ ಕಾಡಿನ ಭವಿಷ್ಯ ನಿಂತಿದೆ.

ಸಣ್ಣ ದೇಶ, ಸಾವಿರ ಹಕ್ಕಿ

ಉಗಾಂಡಾದ ವಿಸ್ತೀರ್ಣ ಸುಮಾರು 2.41 ಲಕ್ಷ ಚದರ ಕಿ.ಮೀ. ಕರ್ನಾಟಕಕ್ಕಿಂತ ಕಾಲು ಪಾಲು ಹೆಚ್ಚು, ಅಷ್ಟೇ. ಭಾರತ ಇದಕ್ಕಿಂತ ಹದಿಮೂರು ಪಟ್ಟಿಗೂ ಹೆಚ್ಚು ದೊಡ್ಡದು. ಆದರೂ ನಮ್ಮಲ್ಲಿರುವ ಹಕ್ಕಿ ಪ್ರಭೇದಗಳು 1,300 ಚಿಲ್ಲರೆ ಮಾತ್ರ.

ಇಷ್ಟು ಚಿಕ್ಕ ಜಾಗದಲ್ಲಿ ಅಷ್ಟೊಂದು ಹಕ್ಕಿಗಳು ಹೇಗೆ? ಉತ್ತರ ಭೂಗೋಳದಲ್ಲಿದೆ. ಪೂರ್ವ ಆಫ್ರಿಕಾದ ಹುಲ್ಲುಗಾವಲು ಮತ್ತು ಕಾಂಗೋದ ದಟ್ಟ ಮಳೆಕಾಡು ಪರಸ್ಪರ ಸಂಧಿಸುವುದು ಇಲ್ಲೇ. ದಕ್ಷಿಣಕ್ಕೆ ವಿಕ್ಟೋರಿಯಾ ಸರೋವರ, ಪಶ್ಚಿಮದ ಗಡಿಯಲ್ಲಿ 5,109 ಮೀಟರ್ ಎತ್ತರದ ಹಿಮಶಿಖರವಿರುವ ರ್‌ವೆಂಜೊರಿ ಪರ್ವತ ಸಾಲು, ನಡುವೆ ನೈಲ್ ನದಿ. ಹುಲ್ಲುಗಾವಲಿನ ಹಕ್ಕಿ, ಜೌಗಿನ ಹಕ್ಕಿ, ಮಳೆಕಾಡಿನ ಹಕ್ಕಿ, ಬೆಟ್ಟದ ಹಕ್ಕಿ ಎಲ್ಲಕ್ಕೂ ಒಂದೇ ದೇಶದಲ್ಲಿ ಮನೆ ಸಿಕ್ಕಿದೆ. ಎರಡು ವಾರದ ಪ್ರವಾಸದಲ್ಲಿ ಈ ಎಲ್ಲ ನೆಲೆಗಳನ್ನೂ ರಸ್ತೆಯಲ್ಲೇ ಸುತ್ತಿ ಬರಬಹುದು.

ಭಾರತದಿಂದ ಹೋದವರಿಗೆ ಕೆಲವು ಹಕ್ಕಿಗಳು ಹಳೆಯ ಪರಿಚಯದವರಂತೆ ಕಾಣುತ್ತವೆ. ನಮ್ಮ ಕೆರೆಗಳ ಮೇಲೆ ಗಾಳಿಯಲ್ಲೇ ರೆಕ್ಕೆ ಬಡಿಯುತ್ತ ನಿಂತು ನೀರಿಗೆ ಧುಮುಕುವ ಕಪ್ಪು ಬಿಳುಪು ಮಿಂಚುಳ್ಳಿ ಅಲ್ಲಿಯೂ ಇದೆ, ಪ್ರಭೇದವೂ ಅದೇ. ಮುಂಗಾರಿನ ಹೊತ್ತಿಗೆ ಭಾರತದಲ್ಲಿ ಕಾಣಿಸಿಕೊಳ್ಳುವ ಚಾತಕಗಳಲ್ಲಿ ಒಂದು ಗುಂಪು ಕಡಲು ದಾಟಿ ಬರುವುದು ಆಫ್ರಿಕಾ ಖಂಡದಿಂದಲೇ.

ಅಪಶಕುನದ ಹಕ್ಕಿಯೇ ಅನ್ನ ಕೊಟ್ಟಿತು

ಹಕ್ಕಿ ವೀಕ್ಷಕರು ಎಂಟೆಬೆ ವಿಮಾನ ನಿಲ್ದಾಣದಲ್ಲಿ ಇಳಿದ ಮೇಲೆ ಸಾಮಾನ್ಯವಾಗಿ ಮೊದಲು ಹೋಗುವುದು ಮಬಾಂಬ ಜೌಗಿಗೆ. ವಿಕ್ಟೋರಿಯಾ ಸರೋವರದ ಅಂಚಿನಲ್ಲಿರುವ ಈ ಜೌಗು ಪ್ರದೇಶಕ್ಕೆ 2006ರಲ್ಲಿ ರಾಮ್ಸಾರ್ ಮಾನ್ಯತೆ ಸಿಕ್ಕಿತು. ಬೆಳಗಿನ ಜಾವ ಸಣ್ಣ ಮರದ ದೋಣಿಯಲ್ಲಿ ಪಪೈರಸ್ ಜೊಂಡಿನ ನಡುವಿನ ಕಿರಿದಾದ ಹಾದಿಯಲ್ಲಿ ಹೋಗಬೇಕು. ಹುಡುಕುವುದು ಒಂದೇ ಹಕ್ಕಿಯನ್ನು: ಶೂಬಿಲ್.

ಹೆಸರೇ ಹೇಳುವಂತೆ ಇದರ ಕೊಕ್ಕು ಹಳೆಯ ಬೂಟಿನ ಆಕಾರದ್ದು, ಸುಮಾರು 20 ಸೆಂ.ಮೀ. ಉದ್ದ, ತುದಿಯಲ್ಲಿ ಕೊಕ್ಕೆ. ಎತ್ತರ ನಾಲ್ಕು ಅಡಿಯ ಆಸುಪಾಸು. ಗಂಟೆಗಟ್ಟಲೆ ಕದಲದೆ ನಿಲ್ಲುವುದೇ ಇದರ ಬೇಟೆಯ ಗುಟ್ಟು. ಇದಕ್ಕೆ ಬಲು ಪ್ರಿಯವಾದ ಆಹಾರ ಲಂಗ್‌ಫಿಶ್. ಈ ಮೀನು ಶ್ವಾಸಕೋಶದಿಂದ ಉಸಿರಾಡುತ್ತದೆ, ಹಾಗಾಗಿ ಆಗಾಗ ನೀರಿನ ಮೇಲಕ್ಕೆ ಬರಲೇಬೇಕು. ಬಂದ ಆ ಕ್ಷಣದಲ್ಲೇ ಶೂಬಿಲ್ ಇಡೀ ಮೈಯನ್ನು ಮುಂದಕ್ಕೆ ಎಸೆದು ಕೊಕ್ಕಿನಲ್ಲಿ ಹಿಡಿದುಬಿಡುತ್ತದೆ.

ನೋಡಲು ಕೊಕ್ಕರೆಯಂತಿದ್ದರೂ ಡಿಎನ್‌ಎ ಅಧ್ಯಯನಗಳ ಪ್ರಕಾರ ಇದರ ಹತ್ತಿರದ ನೆಂಟ ಪೆಲಿಕನ್. ಅಂದರೆ ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರಿನ ಮರಗಳಲ್ಲಿ ಗೂಡು ಕಟ್ಟುವ ಹೆಜ್ಜಾರ್ಲೆಗೆ ದೂರದ ಬಂಧು.

ಜಗತ್ತಿನಲ್ಲಿ ಉಳಿದಿರುವ ಶೂಬಿಲ್‌ಗಳ ಅಂದಾಜು ಸಂಖ್ಯೆ 5,000ದಿಂದ 8,000. ಸಾಮಾನ್ಯವಾಗಿ ಎರಡು ಮೊಟ್ಟೆ ಇಟ್ಟರೂ ಬಹುತೇಕ ಒಂದೇ ಮರಿ ಉಳಿಯುವುದರಿಂದ ಸಂಖ್ಯೆ ಬೇಗ ಹೆಚ್ಚುವುದಿಲ್ಲ. ಜೌಗು ಒಣಗಿಸಿ ಕೃಷಿ ಮಾಡುವುದು, ಬೆಂಕಿ ಹಚ್ಚುವುದು, ಮಾರಾಟಕ್ಕಾಗಿ ಮರಿ ಕದಿಯುವುದು ಇವೆಲ್ಲ ಅಪಾಯಗಳೇ.

ಮಬಾಂಬದಲ್ಲಿ ಇನ್ನೊಂದು ಅಪಾಯವೂ ಇತ್ತು. ಶೂಬಿಲ್ ಕಣ್ಣಿಗೆ ಬಿದ್ದರೆ ಆ ದಿನ ಬಲೆಗೆ ಮೀನು ಬೀಳುವುದಿಲ್ಲ ಎಂದು ಅಲ್ಲಿನ ಮೀನುಗಾರರು ನಂಬಿದ್ದರು. ಕಂಡಲ್ಲಿ ಕೊಲ್ಲುವುದೂ ಇತ್ತು. ನಂತರ ಪ್ರವಾಸಿಗರು ಬರತೊಡಗಿದರು. ದೋಣಿ ಮೀನುಗಾರನದೇ, ಹಕ್ಕಿ ಎಲ್ಲಿ ನಿಂತಿರುತ್ತದೆ ಎಂಬ ತಿಳಿವಳಿಕೆಯೂ ಅವನದೇ. ಮೀನು ಹಿಡಿಯುತ್ತಿದ್ದವರಲ್ಲಿ ಹಲವರು ಗೈಡ್‌ಗಳಾದರು, ದೋಣಿ ನಡೆಸುವವರಾದರು. ದುರದೃಷ್ಟದ ಹಕ್ಕಿ ದುಡಿಮೆಯ ದಾರಿಯಾಯಿತು. ಇಂದು ಆ ಹಕ್ಕಿಯನ್ನು ಕಾಯುವವರೂ ಅವರೇ.

ನೈಲ್ ಇಕ್ಕಟ್ಟಿನಲ್ಲಿ ಧುಮುಕುವ ಜಾಗ

ಉತ್ತರಕ್ಕೆ ಹೋದರೆ ಸಿಗುವುದು ಮರ್ಚಿಸನ್ ಫಾಲ್ಸ್. ಇದು ದೇಶದ ಅತಿ ದೊಡ್ಡ ರಾಷ್ಟ್ರೀಯ ಉದ್ಯಾನ. ವಿಶಾಲವಾದ ನೈಲ್ ನದಿ ಇಲ್ಲಿ ಸುಮಾರು 7 ಮೀಟರ್ ಅಗಲದ ಬಂಡೆ ಸಂದಿಯಲ್ಲಿ ನುಗ್ಗಿ 43 ಮೀಟರ್ ಕೆಳಕ್ಕೆ ಬೀಳುತ್ತದೆ. ಜಲಪಾತದ ಕೆಳಗಿನ ದೋಣಿ ಪಯಣದಲ್ಲಿ ನೀರಾನೆ, ಮೊಸಳೆ, ದಡದ ಮಣ್ಣಿನ ಗೋಡೆಯಲ್ಲಿ ಬಿಲ ಕೊರೆದ ಕಳ್ಳಿಪೀರಗಳ ಗುಂಪು, ಮರದ ತುದಿಯಲ್ಲಿ ಕೂಗುವ ಆಫ್ರಿಕಾದ ಮೀನು ಹದ್ದು ಕಾಣಸಿಗುತ್ತವೆ.

ಈ ಸಮೃದ್ಧಿಯ ಹಿಂದೆ ಕರಾಳ ಇತಿಹಾಸವಿದೆ. 1970ರ ದಶಕದ ಇದಿ ಅಮೀನ್ ಆಡಳಿತ ಮತ್ತು ನಂತರದ ಅಂತರ್ಯುದ್ಧದ ವರ್ಷಗಳಲ್ಲಿ ಸೈನಿಕರೂ ಕಳ್ಳಬೇಟೆಗಾರರೂ ಆನೆಗಳನ್ನು ದಂತಕ್ಕಾಗಿ ಬೇಟೆಯಾಡಿದರು. 1980ರ ದಶಕದ ಹೊತ್ತಿಗೆ ಉಗಾಂಡಾದ ಕಾಡುಗಳಲ್ಲಿ ಒಂದೇ ಒಂದು ಘೇಂಡಾಮೃಗವೂ ಉಳಿಯಲಿಲ್ಲ. 2005ರಲ್ಲಿ ಹೊರದೇಶದಿಂದ ತಂದ ಘೇಂಡಾಗಳೊಂದಿಗೆ ಮರ್ಚಿಸನ್ ದಾರಿಯಲ್ಲಿರುವ ಜಿವಾ ಅಭಯಧಾಮದಲ್ಲಿ ಮತ್ತೆ ಸಂತಾನ ಶುರುವಾಯಿತು.

ಈಗ ಬಂದಿರುವ ಸವಾಲು ತೈಲ. ಮರ್ಚಿಸನ್ ಉದ್ಯಾನದ ಕೆಳಗೆ ಕಚ್ಚಾ ತೈಲದ ನಿಕ್ಷೇಪವಿದೆ. 2023ರಿಂದ ಅಲ್ಲಿ ಬಾವಿ ಕೊರೆಯುವ ಕೆಲಸ ನಡೆದಿದೆ. ಬಡ ದೇಶಕ್ಕೆ ತೈಲದ ಆದಾಯ ಬೇಕು ಎನ್ನುವವರ ಮತ್ತು ಜೌಗು, ನದಿ, ಆನೆಯ ದಾರಿಗೆ ಧಕ್ಕೆಯಾಗುತ್ತದೆ ಎನ್ನುವವರ ನಡುವಿನ ವಾದ ಮುಗಿದಿಲ್ಲ.

ಮರದ ಮೇಲೆ ಸಿಂಹ, ನೆಲದ ಮೇಲೆ ಪಿಟ್ಟಾ

ಪಶ್ಚಿಮದ ಕ್ವೀನ್ ಎಲಿಜಬೆತ್ ಉದ್ಯಾನದಲ್ಲಿ ಎರಡು ಆಕರ್ಷಣೆಗಳಿವೆ. ಒಂದು, ಜಾರ್ಜ್ ಮತ್ತು ಎಡ್ವರ್ಡ್ ಸರೋವರಗಳನ್ನು ಜೋಡಿಸುವ 32 ಕಿ.ಮೀ. ಉದ್ದದ ಕಜಿಂಗ ಕಾಲುವೆ. ಇದು ಪ್ರಕೃತಿಯೇ ಮಾಡಿದ ಕಾಲುವೆ. ದಡದುದ್ದಕ್ಕೂ ನೀರಾನೆ, ಕಾಡೆಮ್ಮೆ, ಆನೆ, ನೀರುಹಕ್ಕಿಗಳು. ಇನ್ನೊಂದು, ದಕ್ಷಿಣದ ಇಶಾಶ ಭಾಗದಲ್ಲಿ ಅತ್ತಿಮರದ ಕೊಂಬೆಗಳ ಮೇಲೆ ಮಲಗುವ ಸಿಂಹಗಳು. ನೆಲದ ಸೆಕೆ ಮತ್ತು ಕಚ್ಚುವ ನೊಣಗಳ ಕಾಟ ತಪ್ಪಿಸಿಕೊಳ್ಳಲು ಅವು ಮರ ಹತ್ತುತ್ತವೆ ಎಂಬುದು ಒಂದು ವಿವರಣೆ.

ಕಿಬಾಲೆ ಕಾಡಿನಲ್ಲಿ 13 ಬಗೆಯ ಕೋತಿ-ವಾನರಗಳಿವೆ. ಇಲ್ಲಿಗೆ ಬರುವವರು ಹೆಚ್ಚಾಗಿ ಚಿಂಪಾಂಜಿಗಾಗಿ ಬರುತ್ತಾರೆ. ಹಕ್ಕಿ ವೀಕ್ಷಕರು ಮಾತ್ರ ಕತ್ತಲಿರುವಾಗಲೇ ಕಾಡಿಗೆ ಇಳಿದು ನೆಲದ ಮೇಲೆ ಕುಪ್ಪಳಿಸುವ ಹಸಿರೆದೆಯ ಪಿಟ್ಟಾವನ್ನು ಹುಡುಕುತ್ತಾರೆ. ಚಳಿಗಾಲದಲ್ಲಿ ಕರ್ನಾಟಕದ ಕಾಡುಗಳಿಗೆ ಬರುವ ನವರಂಗ ಹಕ್ಕಿಯ ಕುಟುಂಬಕ್ಕೇ ಇದು ಸೇರಿದ್ದು.

ಗೊರಿಲ್ಲಾದ ಎದುರು ಒಂದು ಗಂಟೆ

ನೈಋತ್ಯ ಮೂಲೆಯ ಬ್ವಿಂಡಿ ಕಾಡಿನ ವಿಸ್ತೀರ್ಣ ಸುಮಾರು 320 ಚದರ ಕಿ.ಮೀ. 1991ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, 1994ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಬೆಟ್ಟದ ಗೊರಿಲ್ಲಾಗಳು ಇಲ್ಲಿ ಮತ್ತು ಉಗಾಂಡಾ, ರುವಾಂಡಾ, ಕಾಂಗೋ ಸೇರುವ ವಿರುಂಗ ಪರ್ವತಗಳಲ್ಲಿ ಮಾತ್ರ ಇವೆ. 1980ರ ದಶಕದ ಆರಂಭದಲ್ಲಿ ವಿರುಂಗದಲ್ಲಿ ಸುಮಾರು 250ಕ್ಕೆ ಇಳಿದಿದ್ದವು. ಇತ್ತೀಚಿನ ಗಣತಿಗಳಲ್ಲಿ ವಿರುಂಗದಲ್ಲಿ 604, ಬ್ವಿಂಡಿ ಭಾಗದಲ್ಲಿ 459, ಒಟ್ಟು 1,063 ಎಂದು ಲೆಕ್ಕ ಸಿಕ್ಕಿದೆ. ಮನುಷ್ಯನನ್ನು ಬಿಟ್ಟರೆ, ಸಂಖ್ಯೆ ಏರುತ್ತಿರುವ ದೊಡ್ಡ ವಾನರ ಇದೊಂದೇ ಎನ್ನುತ್ತಾರೆ.

ಇದರ ಹಿಂದಿನ ಲೆಕ್ಕಾಚಾರ ಹೀಗಿದೆ. ಉಗಾಂಡಾದಲ್ಲಿ ವಿದೇಶಿಯರಿಗೆ ಗೊರಿಲ್ಲಾ ಪರ್ಮಿಟ್ ದರ 2024ರ ಜುಲೈಯಿಂದ 800 ಡಾಲರ್, ಅಂದರೆ ಸುಮಾರು 70 ಸಾವಿರ ರೂಪಾಯಿ. ಒಂದು ಗೊರಿಲ್ಲಾ ಗುಂಪನ್ನು ದಿನಕ್ಕೆ ಎಂಟೇ ಜನ ನೋಡಬಹುದು, ಅದೂ ಒಂದು ಗಂಟೆ ಮಾತ್ರ. ಕಡಿಮೆ ಜನ, ಹೆಚ್ಚು ಶುಲ್ಕ ಎಂಬ ಸೂತ್ರ. ಈ ಹಣದಲ್ಲೇ ಕಾವಲುಗಾರರ ಸಂಬಳ ನಡೆಯುತ್ತದೆ. ಉದ್ಯಾನದ ಪ್ರವೇಶ ಶುಲ್ಕದಲ್ಲಿ ಶೇ.20 ಮತ್ತು ಪ್ರತಿ ಗೊರಿಲ್ಲಾ ಪರ್ಮಿಟ್‌ನಿಂದ ಒಂದು ಸಣ್ಣ ಮೊತ್ತ ಸುತ್ತಲಿನ ಹಳ್ಳಿಗಳಿಗೆ ಹೋಗಬೇಕೆಂಬ ನಿಯಮವಿದೆ.

ನಿಯಮಗಳು ಕಟ್ಟುನಿಟ್ಟಾಗಿರಲು ಆರೋಗ್ಯವೂ ಕಾರಣ. ಮನುಷ್ಯನ ನೆಗಡಿ ಗೊರಿಲ್ಲಾಗಳಿಗೆ ಸುಲಭವಾಗಿ ಅಂಟುತ್ತದೆ, ಸಾವಿಗೂ ಕಾರಣವಾಗಬಹುದು. 1990ರ ದಶಕದಲ್ಲಿ ಬ್ವಿಂಡಿಯ ಗೊರಿಲ್ಲಾಗಳಿಗೆ ಕಜ್ಜಿ ರೋಗ ಬಂದಾಗ ಅದರ ಮೂಲ ಹೊಲದ ಬೆದರುಬೊಂಬೆಗೆ ಹಾಕಿದ್ದ ಹಳೆ ಬಟ್ಟೆಯಿರಬಹುದು ಎಂದು ಕಂಡುಬಂತು. ಆ ಚಿಕಿತ್ಸೆಯಲ್ಲಿ ತೊಡಗಿದ್ದ ಪಶುವೈದ್ಯೆ ಗ್ಲ್ಯಾಡಿಸ್ ಕಲೆಮಾ-ಜಿಕುಸೊಕಾ ಆಮೇಲೆ ಹಳ್ಳಿಯ ಜನರ ಆರೋಗ್ಯ ಸುಧಾರಿಸದೆ ಗೊರಿಲ್ಲಾಗಳ ಆರೋಗ್ಯ ಕಾಯಲಾಗದು ಎಂದು ಸಂಸ್ಥೆಯೊಂದನ್ನೇ ಕಟ್ಟಿದರು.

ಹಕ್ಕಿ ವೀಕ್ಷಕರಿಗೆ ಬ್ವಿಂಡಿಯ ಬಹುಮಾನ ಬೇರೆಯೇ. ರುಹಿಜ ಭಾಗದ ಮುಬ್ವಿಂಡಿ ಜೌಗಿನ ದಾರಿಯಲ್ಲಿ ಕಡಿದಾದ ಇಳಿಜಾರು ಇಳಿದರೆ, ಅದೃಷ್ಟವಿದ್ದರೆ, ಅಪರೂಪದ ಹಸಿರು ಬ್ರಾಡ್‌ಬಿಲ್ ಕಾಣುತ್ತದೆ.

ಪ್ರವಾಸಿಗರು ಬಾರದಿದ್ದರೆ?

ಈ ವ್ಯವಸ್ಥೆಯ ದೌರ್ಬಲ್ಯ ಬಯಲಾದದ್ದು 2020ರಲ್ಲಿ. ಕೋವಿಡ್‌ನಿಂದ ಪ್ರವಾಸ ನಿಂತಿತು. ಗೈಡ್, ಹೊರೆ ಹೊರುವವರು, ವಸತಿಗೃಹದ ಕೆಲಸಗಾರರು ಎಲ್ಲರ ಆದಾಯವೂ ಏಕಾಏಕಿ ನಿಂತುಹೋಯಿತು. ಆ ವರ್ಷ ಜೂನ್‌ನಲ್ಲಿ ಬ್ವಿಂಡಿಯ ಪ್ರಸಿದ್ಧ ಗಂಡು ಗೊರಿಲ್ಲಾ ರಫಿಕಿ, ಸಣ್ಣ ಪ್ರಾಣಿಗಳನ್ನು ಹಿಡಿಯಲು ಕಾಡಿಗೆ ನುಗ್ಗಿದ್ದ ಬೇಟೆಗಾರನ ಈಟಿಗೆ ಬಲಿಯಾಯಿತು. ಆತನಿಗೆ 11 ವರ್ಷಗಳ ಜೈಲು ಶಿಕ್ಷೆಯಾಯಿತು. 17 ಗೊರಿಲ್ಲಾಗಳ ಗುಂಪು ನಾಯಕನನ್ನು ಕಳೆದುಕೊಂಡಿತು. ಪ್ರವಾಸದ ಹಣವೊಂದನ್ನೇ ನಂಬಿ ಕಾಡು ಕಾಯಲಾಗದು ಎಂಬ ಪಾಠ ಅಲ್ಲಿ ಸಿಕ್ಕಿತು. ಗೊರಿಲ್ಲಾ ಕಾಡಿನ ಅಂಚಿನ ರೈತರ ಕಾಫಿಗೆ ಒಳ್ಳೆಯ ಬೆಲೆ ಕೊಡಿಸುವಂಥ ಪ್ರಯತ್ನಗಳು ಮುಖ್ಯವಾಗುವುದು ಈ ಕಾರಣಕ್ಕೆ.

ಕಾಡು ಕಳೆದುಕೊಂಡವರು

ಇನ್ನೊಂದು ನೋವಿನ ಅಧ್ಯಾಯವೂ ಇದೆ. ತಲೆಮಾರುಗಳಿಂದ ಬ್ವಿಂಡಿಯಲ್ಲಿ ಜೇನು, ಗೆಡ್ಡೆ, ಬೇಟೆಯನ್ನು ನಂಬಿ ಬದುಕಿದ್ದ ಬತ್ವಾ ಜನರನ್ನು 1991ರಲ್ಲಿ ಉದ್ಯಾನ ಘೋಷಣೆಯಾದಾಗ ಹೊರಹಾಕಲಾಯಿತು. ಹೆಚ್ಚಿನವರಿಗೆ ಜಮೀನೂ ಸಿಗಲಿಲ್ಲ, ಪರಿಹಾರವೂ ಸಿಗಲಿಲ್ಲ. ಗೊರಿಲ್ಲಾ ಉಳಿದ ಕಾಡಿನಲ್ಲಿ ಅದರ ಮೂಲ ನಿವಾಸಿಗಳಿಗೆ ಜಾಗವಿಲ್ಲದಾಯಿತು. ಅವರು ಕೋರ್ಟಿಗೆ ಹೋದರು. 2021ರಲ್ಲಿ ಉಗಾಂಡಾದ ಸಾಂವಿಧಾನಿಕ ನ್ಯಾಯಾಲಯ ಬತ್ವಾಗಳ ಪರವಾಗಿ ತೀರ್ಪು ನೀಡಿತು. ಹಾಗೆಂದು ಅವರ ಬದುಕು ರಾತ್ರೋರಾತ್ರಿ ಬದಲಾಗಿಲ್ಲ. ಇಂದು ಕೆಲವು ಬತ್ವಾಗಳು ಗೈಡ್‌ಗಳಾಗಿ, ಕಾಡಿನ ಗಿಡಮೂಲಿಕೆ, ಜೇನು ತೆಗೆಯುವ ವಿಧಾನವನ್ನು ಪ್ರವಾಸಿಗರಿಗೆ ತೋರಿಸಿ ಒಂದಿಷ್ಟು ಗಳಿಸುತ್ತಿದ್ದಾರೆ.

ಹೊರಡುವ ಮುನ್ನ ತಿಳಿದಿರಬೇಕಾದದ್ದು

* ಹಳದಿ ಜ್ವರದ ಲಸಿಕೆ: ಉಗಾಂಡಾ ಪ್ರವೇಶಕ್ಕೆ ಇದು ಕಡ್ಡಾಯ. ಕೇಂದ್ರ ಆರೋಗ್ಯ ಸಚಿವಾಲಯ ಮಾನ್ಯ ಮಾಡಿದ ಕೇಂದ್ರಗಳಲ್ಲಿ ಮಾತ್ರ ಹಾಕಿಸಬೇಕು. ಹಾಕಿಸಿದ 10 ದಿನಗಳ ನಂತರ ಪ್ರಮಾಣಪತ್ರ ಊರ್ಜಿತವಾಗುತ್ತದೆ, ಜೀವನಪರ್ಯಂತ ನಡೆಯುತ್ತದೆ. ಅದಿಲ್ಲದೆ ಭಾರತಕ್ಕೆ ಮರಳಿದರೆ ಆರು ದಿನಗಳವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು.
* ಮಲೇರಿಯಾ: ದೇಶದ ಬಹುಭಾಗದಲ್ಲಿದೆ. ವೈದ್ಯರನ್ನು ಕೇಳಿ ಮುಂಜಾಗ್ರತೆಯ ಮಾತ್ರೆ ತೆಗೆದುಕೊಳ್ಳಬೇಕು.
* ವೀಸಾ: ಕೀನ್ಯಾ, ರುವಾಂಡಾ ಸೇರಿಸಿ ಸುತ್ತುವವರಿಗೆ 90 ದಿನಗಳ ಪೂರ್ವ ಆಫ್ರಿಕಾ ಪ್ರವಾಸಿ ವೀಸಾ ಇದೆ, ಶುಲ್ಕ 100 ಡಾಲರ್.
* ಕಾಲ: ಜೂನ್‌ನಿಂದ ಸೆಪ್ಟೆಂಬರ್ ಮತ್ತು ಡಿಸೆಂಬರ್‌ನಿಂದ ಫೆಬ್ರವರಿ ಮಳೆ ಕಡಿಮೆ. ಕಾಡಿನ ಜಾರುವ ಹಾದಿಗೆ ಇದೇ ಸೂಕ್ತ.
* ಪರ್ಮಿಟ್: ಗೊರಿಲ್ಲಾ ಪರ್ಮಿಟನ್ನು ತಿಂಗಳುಗಳ ಮೊದಲೇ ಕಾದಿರಿಸಬೇಕು. 15 ವರ್ಷದೊಳಗಿನವರಿಗೆ ಪ್ರವೇಶವಿಲ್ಲ. ನೆಗಡಿ, ಜ್ವರವಿದ್ದವರನ್ನು ಕಾಡಿಗೆ ಬಿಡುವುದಿಲ್ಲ.
* ಸಾಮಾನು: ಮಾಸಲು ಬಣ್ಣದ ತುಂಬುತೋಳಿನ ಬಟ್ಟೆ, ಗಟ್ಟಿ ಬೂಟು, ಮಳೆ ಅಂಗಿ, ಬೈನಾಕ್ಯುಲರ್.

ಖರ್ಚು ಉಳಿಸಲು ಹಲವರು ಮೊದಲು ಕೈಬಿಡುವುದು ಸ್ಥಳೀಯ ಗೈಡ್‌ನ ಶುಲ್ಕ ಅಥವಾ ಹೊರೆ ಹೊರುವವರ ಕೂಲಿಯನ್ನು. ಆದರೆ ಹಳ್ಳಿಯ ಮನೆಗೆ ನೇರವಾಗಿ ತಲುಪುವ ಹಣ ಅದೇ. ಮಬಾಂಬದ ಮೀನುಗಾರನ ದೋಣಿ ಬಾಡಿಗೆಗೆ ಹೋದ ದಿನ ಶೂಬಿಲ್‌ಗೂ ಕ್ಷೇಮ. ಚೌಕಾಸಿ ಮಾಡಲೇಬೇಕಿದ್ದರೆ ಹೋಟೆಲ್ ಬಾಡಿಗೆಯಲ್ಲಿ ಮಾಡುವುದು ಒಳ್ಳೆಯದು.