ಮರುಭೂಮಿಯ ಚಳಿಯೂ ಬಿಸಿಗಾಳಿಯ ಬಲೂನೂ

ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಆಲ್ಬುಕರ್ಕಿ ನಗರದಲ್ಲಿ ಅಕ್ಟೋಬರ್ ತಿಂಗಳಿನ ಆರಂಭದ ದಿನಗಳಲ್ಲಿ ನಡೆಯುವ ಅಂತರರಾಷ್ಟ್ರೀಯ ಬಲೂನು ಉತ್ಸವವು 1972ರಲ್ಲಿ ಒಂದು ವ್ಯಾಪಾರ ಸಂಕೀರ್ಣದ ವಾಹನ ನಿಲುಗಡೆಯ ಬಯಲಿನಿಂದ ಹಾರಿದ 13 ಬಲೂನುಗಳೊಂದಿಗೆ ಮೊದಲಾಯಿತು. ಇಂದು ಒಂಬತ್ತು ದಿನಗಳ ಕಾಲ ನೂರಾರು ಬಲೂನುಗಳು ಸೇರುವ ಈ ಉತ್ಸವವು ಜಗತ್ತಿನ ಅತಿ ದೊಡ್ಡ ಬಲೂನು ಮೇಳಗಳಲ್ಲೊಂದಾಗಿದೆ. ಮರಳುಗಾಡಿನ ಅಂಚಿನ ನಗರವೊಂದಕ್ಕೆ ಈ ಹಿರಿಮೆ ಬಂದದ್ದರಲ್ಲಿ ಸಂಘಟಕರ ಶ್ರಮದಷ್ಟೇ ಪಾಲು ಅಲ್ಲಿನ ನೆಲದ ಇಳಿಜಾರಿಗೂ ಒಣಹವೆಗೂ ಇರುಳಿನ ಚಳಿಗೂ ಸಲ್ಲಬೇಕು.

ಬಿಸಿಗಾಳಿಯ ಬಲೂನು ಮೇಲೇರುವುದು ಆರ್ಕಿಮಿಡಿಸ್ ತತ್ತ್ವದಿಂದ. ಯಾವ ವಸ್ತುವಾದರೂ ತಾನು ಸರಿಸಿದ ದ್ರವದ ಅಥವಾ ಅನಿಲದ ತೂಕದಷ್ಟೇ ಬಲದಿಂದ ಮೇಲಕ್ಕೆ ಒತ್ತಲ್ಪಡುತ್ತದೆ. ಗಾಳಿಗೆ ತೂಕವಿಲ್ಲವೆಂಬ ಸಾಮಾನ್ಯ ಭಾವನೆ ಎಷ್ಟು ತಪ್ಪೆಂಬುದು ಇಲ್ಲಿ ತಿಳಿಯುತ್ತದೆ: ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದಲ್ಲಿರುವ ಆಲ್ಬುಕರ್ಕಿಯಲ್ಲಿ 5 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದ ಬೆಳಗಿನಲ್ಲಿ 2,200 ಘನ ಮೀಟರ್ ಗಾತ್ರದ ಬಲೂನೊಂದು ಸರಿಸುವ ಗಾಳಿ ಸುಮಾರು 2,300 ಕಿಲೋಗ್ರಾಂ ತೂಗುತ್ತದೆ. ಒಳಗಿನ ಗಾಳಿಯನ್ನು ಪ್ರೊಪೇನ್ ಅನಿಲದ ಉರಿಯಿಂದ 90 ಡಿಗ್ರಿಗೆ ಕಾಯಿಸಿದರೆ ಅದು ಹಿಗ್ಗಿ, ಒಂದು ಭಾಗ ಕೆಳಗಿನ ಬಾಯಿಯಿಂದ ಹೊರಹೋಗಿ, ಉಳಿದುದರ ತೂಕ ಸುಮಾರು 1,760 ಕಿಲೋಗ್ರಾಂಗೆ ಇಳಿಯುತ್ತದೆ. ಈ ಎರಡರ ನಡುವಿನ 540 ಕಿಲೋಗ್ರಾಂ ವ್ಯತ್ಯಾಸವೇ ಬಟ್ಟೆ, ಬೆತ್ತದ ಬುಟ್ಟಿ, ಅನಿಲದ ಸಿಲಿಂಡರ್‌ಗಳು ಮತ್ತು ಪ್ರಯಾಣಿಕರೆಲ್ಲರನ್ನೂ ಎತ್ತುವ ಶಕ್ತಿ. ಹೊರಗಿನ ಹವೆ 25 ಡಿಗ್ರಿಗೆ ಏರಿದರೆ ಅದೇ ಬಲೂನಿನ ಎತ್ತುವ ಸಾಮರ್ಥ್ಯ ಸುಮಾರು 385 ಕಿಲೋಗ್ರಾಂಗೆ ಕುಸಿಯುತ್ತದೆ, ಅಂದರೆ ಇಬ್ಬರು ಪ್ರಯಾಣಿಕರಷ್ಟು ಭಾರ ಕೈಬಿಡಬೇಕಾಗುತ್ತದೆ. ಚಳಿ ಬಲೂನಿನ ಬಂಧುವೆನ್ನುವುದು ಉತ್ಪ್ರೇಕ್ಷೆಯಲ್ಲ.

ಆ ಚಳಿಯನ್ನು ಒದಗಿಸುವುದು ಮರುಭೂಮಿಯ ರಾತ್ರಿ. ಭೂಮಿ ಹೊರಸೂಸುವ ಶಾಖವನ್ನು ಹಿಡಿದಿಡುವ ನೀರಾವಿಯೂ ಮೋಡವೂ ಅಲ್ಲಿ ಕಡಿಮೆಯಾದ್ದರಿಂದ ಸೂರ್ಯಾಸ್ತದ ನಂತರ ನೆಲ ಬೇಗ ತಣಿದು ತನಗೆ ತಾಗಿದ ಗಾಳಿಯನ್ನೂ ತಣಿಸುತ್ತದೆ. ಹೀಗೆ ಕೆಳಗೆ ತಂಪು ಗಾಳಿಯೂ ಅದರ ಮೇಲೆ ಬೆಚ್ಚಗಿನ ಗಾಳಿಯೂ ನಿಲ್ಲುವ ಸ್ಥಿತಿಯನ್ನು ಉಷ್ಣಾಂಶದ ವಿಲೋಮ ಎನ್ನುತ್ತಾರೆ. ನಮ್ಮ ಬಯಲುಸೀಮೆಯಲ್ಲಿ ಚಳಿಗಾಲದ ಮುಂಜಾನೆ ಒಲೆಯ ಹೊಗೆ ಮೇಲೇರದೆ ಊರಿನ ಮೇಲೆ ಚಾದರದಂತೆ ಹರಡಿಕೊಳ್ಳುವುದೂ ಇದೇ ಕಾರಣದಿಂದ.

ಆಲ್ಬುಕರ್ಕಿಯ ವಿಶೇಷವಿರುವುದು ಈ ತಂಪು ಗಾಳಿಯ ನಡೆಯಲ್ಲಿ. ನಗರದ ಪೂರ್ವಕ್ಕೆ ಸಾಂಡಿಯಾ ಪರ್ವತಗಳಿವೆ, ನಡುವೆ ರಿಯೊ ಗ್ರಾಂಡೆ ನದಿಯ ಕಣಿವೆ ದಕ್ಷಿಣಕ್ಕೆ ಇಳಿಯುತ್ತದೆ. ಭಾರವಾದ ತಂಪು ಗಾಳಿ ನೀರಿನಂತೆ ಕಣಿವೆಯ ಇಳಿಜಾರು ಹಿಡಿದು ದಕ್ಷಿಣಕ್ಕೆ ಹರಿಯುವಾಗ, ಕೆಲವು ನೂರು ಅಡಿ ಮೇಲೆ ಗಾಳಿ ಅನೇಕ ಬಾರಿ ಉತ್ತರಕ್ಕೆ ಬೀಸುತ್ತಿರುತ್ತದೆ. ಬಲೂನಿಗೆ ಚುಕ್ಕಾಣಿಯಿಲ್ಲ, ಅದನ್ನು ಏರಿಸಬಹುದು, ಇಳಿಸಬಹುದು, ಅಷ್ಟೇ. ಆದರೆ ಕೆಳಗಿನ ಪದರದಲ್ಲಿ ದಕ್ಷಿಣಕ್ಕೆ ತೇಲಿ, ಮೇಲೇರಿ ಉತ್ತರಕ್ಕೆ ಹಿಂದಿರುಗಿ, ಮತ್ತೆ ಇಳಿಯುವ ಚಾಲಕನು ಹೊರಟ ಮೈದಾನದ ಸಮೀಪವೇ ಇಳಿಯಬಲ್ಲನು. ಬಲೂನು ಚಾಲಕರು ‘ಆಲ್ಬುಕರ್ಕಿ ಬಾಕ್ಸ್’ ಎಂದು ಕರೆಯುವ ಈ ಗಾಳಿಯ ಪೆಟ್ಟಿಗೆಯೇ ಉತ್ಸವದ ನಿಜವಾದ ಬಂಡವಾಳ.

1783ರಲ್ಲಿ ಪ್ಯಾರಿಸ್ಸಿನಿಂದ ಮಾಂಟ್‌ಗಾಲ್ಫಿಯೆ ಸಹೋದರರ ಬಲೂನಿನಲ್ಲಿ ಇಬ್ಬರು ಮೊದಲ ಬಾರಿಗೆ ಬಿಡುಗಡೆಯಾಗಿ ಹಾರಿದಾಗ ಬಲೂನಿನ ಬಾಯಿಯ ಕೆಳಗೆ ಹುಲ್ಲು ಉರಿಸಬೇಕಿತ್ತು. 1960ರಲ್ಲಿ ಎಡ್ ಯೋಸ್ಟ್ ಪ್ರೊಪೇನ್ ಒಲೆಯನ್ನೂ ನೈಲಾನ್ ಬಟ್ಟೆಯನ್ನೂ ಬಳಸಿ ಹಾರಿದ ಮೇಲಷ್ಟೇ ಉರಿಯನ್ನು ಬೇಕಾದಂತೆ ಏರಿಸಿ ಇಳಿಸಿ ಒಂದು ಪದರದಿಂದ ಇನ್ನೊಂದಕ್ಕೆ ಸರಿಯುವ ಈ ಜಾಣ್ಮೆ ಸಾಧ್ಯವಾಯಿತು.

ಗಾಳಿಯನ್ನು ಅರಿಯಲು ಚಾಲಕರು ಮೊದಲು ಹೀಲಿಯಂ ತುಂಬಿದ ಪುಟ್ಟ ಬಲೂನನ್ನು ಬಿಟ್ಟು ಅದು ಯಾವ ಎತ್ತರದಲ್ಲಿ ಯಾವ ದಿಕ್ಕಿಗೆ ತಿರುಗುವುದೆಂದು ನೋಡುತ್ತಾರೆ. ಕೆಲವು ಬಲೂನುಗಳು ದೀಪ ಹೊತ್ತು ಕತ್ತಲಲ್ಲೇ ಏರಿ ಉಳಿದವರಿಗೆ ದಾರಿ ತೋರುತ್ತವೆ. ಸೂರ್ಯ ಮೇಲೇರಿದಂತೆ ನೆಲ ಕಾದು, ಬಿಸಿಗಾಳಿಯ ಬುಗ್ಗೆಗಳು ಎದ್ದು, ಎರಡು ಪದರಗಳೂ ಕಲಸಿಹೋಗುತ್ತವೆ, ಪೆಟ್ಟಿಗೆ ಒಡೆಯುತ್ತದೆ. ಆದ್ದರಿಂದ ಈ ಉತ್ಸವವನ್ನು ಕಾಣಬಯಸುವವರು ಬೆಚ್ಚಗಿನ ಉಡುಪು ತೊಟ್ಟು, ಬೆಳಕು ಹರಿಯುವ ಮೊದಲೇ ಮೈದಾನ ಸೇರಿಕೊಳ್ಳಬೇಕು.